ಒರಳು, ಗುಂಡು ಮತ್ತು ಅಜ್ಜಿಯ ಮಂಚ

ನನಗೆ ಮೂರನೆಯ ಬಾಣಂತನವಾದದ್ದು 54ನೆಯ ವಯಸ್ಸಿನಲ್ಲಿ. ಗಾಬರಿಯಾಗಬೇಡಿ. 2023ರ ಫೆಬ್ರವರಿಯಲ್ಲಿ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನನ್ನ ಬಲಗಡೆಯ ಸೊಂಟದ ಕೀಲನ್ನು ತೆಗೆದು ಹೊಸದನ್ನು ಕೂರಿಸಿದರು. ನಮ್ಮ ಮನೆಯವರಿಗೂ ಕೆಲಸ, ಮಗಳಿಗೂ ಕೆಲಸ. "ಅಲ್ಲಿ ಯಾರು ನೋಡ್ಕತಾರೆ, ಇಲ್ಲಿಗೆ ಕರ್ಕೊಂಡು ಬನ್ನಿ" ಎಂದು ಅವ್ವ ಫೋನಿನಲ್ಲಿ ಅಪ್ಪಣೆ ಕೊಡಿಸಿದಳು. ಹೀಗೆ ಎರಡು ಹೆರಿಗೆಗೆ ಬಂದಿದ್ದ ತವರಿಗೇ ಮೂರನೆಯ ಸಲವೂ ಬಂದೆ. ಈ ಸಲ ಕಂಕುಳಲ್ಲಿ ಕೂಸಿರಲಿಲ್ಲ, ಕೈಯಲ್ಲಿ ವಾಕರ್ ಇತ್ತು.

ನನ್ನ ತವರು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ. ಊರ ಹೆಸರು ಹೇಳಿದೊಡನೆ ಎದುರಿನವರು "ಓ, ದೇವೇಗೌಡರ ಊರು" ಎನ್ನುತ್ತಾರೆ. ನಿಜ. 1933ರಲ್ಲಿ ಇಲ್ಲಿ ಹುಟ್ಟಿದವರು 1996ರ ಜೂನ್ 1ರಂದು ದೇಶದ ಪ್ರಧಾನಿಯಾಗಿ ಪ್ರಮಾಣ ವಚನ ತೆಗೆದುಕೊಂಡಾಗ ಊರಿಗೆ ಊರೇ ಹಬ್ಬ ಮಾಡಿತ್ತು. ಅವರ ಹೆಸರಿನ ಮುಂದಿನ 'ಹೆಚ್' ಅಕ್ಷರ ನಮ್ಮ ಊರೇ. ಆದರೆ ಚರಿತ್ರೆ ಎಂದರೆ ಪ್ರಧಾನಿಗಳ ಚರಿತ್ರೆ ಮಾತ್ರವಲ್ಲ ಎಂದು ಮೂವತ್ತು ವರ್ಷದಿಂದ ಮಕ್ಕಳಿಗೆ ಪಾಠ ಹೇಳುತ್ತ ಬಂದವಳು ನಾನು. ಆ ಮಾತಿನ ಅರ್ಥ ನನಗೇ ಸರಿಯಾಗಿ ತಿಳಿದದ್ದು ಆ ಬಾಣಂತನದ ಆರು ವಾರಗಳಲ್ಲಿ.

ಮೊದಲು ಕಾಯಿಲೆಯ ಕಥೆ ಹೇಳಿಬಿಡುತ್ತೇನೆ. 2021ರ ಮೇ ತಿಂಗಳಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ, ನಾನು ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದೆ. ಸ್ಟೀರಾಯ್ಡ್ ಕೊಟ್ಟು ಉಸಿರು ಉಳಿಸಿದರು. ಮರುವರ್ಷ ತೊಡೆಯ ಸಂದಿನಲ್ಲಿ ನೋವು ಶುರುವಾಯಿತು. ವಯಸ್ಸಾಯಿತು, ವಾಯು ಹಿಡಿದಿದೆ ಎಂದುಕೊಂಡು ಎಣ್ಣೆ ನೀವಿಕೊಂಡೆ. ಬೋರ್ಡಿನ ಮುಂದೆ ಒಂದು ಪೀರಿಯಡ್ ನಿಂತರೆ ಎರಡನೆಯದಕ್ಕೆ ಮೇಜು ಹಿಡಿದುಕೊಳ್ಳಬೇಕಾಯಿತು. ಕೊನೆಗೆ ಸ್ಕ್ಯಾನ್ ಮಾಡಿ ನೋಡಿದ ಡಾಕ್ಟರು, ತೊಡೆಮೂಳೆಯ ತಲೆಗೆ ರಕ್ತ ಹೋಗುವುದು ನಿಂತು ಅದು ಸತ್ತುಹೋಗಿದೆ, ಕುಸಿಯುತ್ತಿದೆ ಎಂದರು. ಸ್ಟೀರಾಯ್ಡ್ ತೆಗೆದುಕೊಂಡ ಕೆಲವರಲ್ಲಿ ಹೀಗಾಗುತ್ತದಂತೆ. "ನಿಮ್ಮದೂ ಅದರಿಂದಲೇ ಎಂದು ಖಂಡಿತ ಹೇಳಲಾರೆ. ಆದರೆ ಆ ಔಷಧಿ ಇಲ್ಲದಿದ್ದರೆ ನೀವು ಇಲ್ಲಿ ಕೂತು ನನ್ನನ್ನು ಕೇಳುತ್ತಿರಲಿಲ್ಲ" ಎಂದರು. ಅದೂ ಸರಿಯೇ.

ಸೊಂಟದ ಕೀಲು ಹೇಗಿರುತ್ತದೆ ಎಂದು ತಿಳಿಯಲು ನಮ್ಮ ಹೆಣ್ಣುಮಕ್ಕಳಿಗೆ ಚಿತ್ರಪಟ ಬೇಕಿಲ್ಲ. ರುಬ್ಬುವ ಒರಳನ್ನು ನೆನೆಸಿಕೊಳ್ಳಿ. ಒರಳಿನ ಗುಳಿ ಸೊಂಟದ ಮೂಳೆಯಲ್ಲಿದೆ. ಅದರಲ್ಲಿ ತಿರುಗುವ ಗುಂಡು ತೊಡೆಮೂಳೆಯ ತುದಿಯಲ್ಲಿದೆ. ಎರಡರ ನಡುವೆ ನುಣುಪಾದ ಮೃದ್ವಸ್ಥಿಯ ಲೇಪ. ಗುಂಡಿನ ಕೆಳಗೆ ಒಂದು ಸಣ್ಣ ಕುತ್ತಿಗೆ. ರಕ್ತನಾಳಗಳು ಆ ಕುತ್ತಿಗೆಯನ್ನು ಹಿಡಿದುಕೊಂಡೇ ಗುಂಡಿಗೆ ಹೋಗಬೇಕು. ಈ ಕುತ್ತಿಗೆಯ ವಿಷಯ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಪರೇಷನ್ ಆದ ಮರುದಿನವೇ ಫಿಜಿಯೋಥೆರಪಿಯ ಹುಡುಗ ಬಂದು "ಏಳಿ ಮೇಡಂ" ಎಂದ. ನಾನು ಮಕ್ಕಳನ್ನು ಏಳಿಸುವ ದನಿಯೇ ಅದು. ಎದ್ದೆ. ನಾಲ್ಕು ಹೆಜ್ಜೆ ಇಟ್ಟೆ. ಹಳೆಯ ನೋವು ಇರಲಿಲ್ಲ, ಹೊಲಿಗೆಯ ನೋವು ಇತ್ತು. ಐದನೆಯ ದಿನ ಮನೆಗೆ ಕಳಿಸುವಾಗ ಒಂದು ಹಾಳೆ ಕೊಟ್ಟರು. ನೆಲದ ಮೇಲೆ ಕೂರಬಾರದು. ಕುಕ್ಕರಗಾಲಲ್ಲಿ ಕೂರಬಾರದು. ಕಾಲ ಮೇಲೆ ಕಾಲು ಹಾಕಬಾರದು. ಮೊಣಕಾಲು ಸೊಂಟಕ್ಕಿಂತ ಮೇಲೆ ಬರಬಾರದು. ಕಾಲಿನ ಬೆರಳು ಒಳಕ್ಕೆ ತಿರುಗಬಾರದು. ಮಲಗುವಾಗ ಎರಡು ಕಾಲ ನಡುವೆ ದಿಂಬು ಇರಬೇಕು. ಸುತ್ತಲ ಮಾಂಸಖಂಡ ಕೂಡುವ ಮೊದಲು ಇದನ್ನು ಮೀರಿದರೆ ಗುಂಡು ಒರಳಿನಿಂದ ಜಾರಬಹುದಂತೆ.

ಓದಿ ನನಗೆ ನಗು ಬಂತು. ನಮ್ಮ ಹಳ್ಳಿಯ ಬದುಕೇ ನೆಲದ ಮೇಲೆ. ರಂಗೋಲಿ ನೆಲದ ಮೇಲೆ, ಸೊಪ್ಪು ಬಿಡಿಸುವುದು ನೆಲದ ಮೇಲೆ, ಪಂಕ್ತಿಯ ಊಟ ನೆಲದ ಮೇಲೆ, ಹೆಣದ ಮುಂದೆ ಅಳುವುದೂ ನೆಲದ ಮೇಲೆ. ನಾನು ಮಾತ್ರ ಪ್ಲಾಸ್ಟಿಕ್ ಕುರ್ಚಿಯ ಮೇಲೆ ದಿವಾನರ ಹಾಗೆ ಕೂತಿದ್ದೆ. ತಮ್ಮ ಬಚ್ಚಲಿನ ಪಕ್ಕದಲ್ಲಿ ಎತ್ತರದ ಕಮೋಡು ಹಾಕಿಸಿದ್ದ. ಅದನ್ನು ನೋಡಲೆಂದೇ ಅಕ್ಕಪಕ್ಕದ ಹೆಂಗಸರು ಬಂದರು. ಅವ್ವ ದಿನಕ್ಕೊಮ್ಮೆ ಬೆಳ್ಳುಳ್ಳಿ, ಮೆಣಸು ಅರೆದು ಹಾಕಿದ ಕಾಲುಸೂಪು ಕೊಡುತ್ತಿದ್ದಳು. ಕಾಲಿಗೆ ಕಾಲೇ ಮದ್ದು ಎಂಬುದು ಅವಳ ವೈದ್ಯ. ಊರುಗೋಲನ್ನು ನೋವಿನ ಕಡೆಯ ಕೈಯಲ್ಲಿ ಹಿಡಿಯಬೇಕೆಂದು ಬಂದವರೆಲ್ಲ ಹೇಳಿದರು. ಅದು ತಪ್ಪು. ಕೋಲು ಎದುರು ಕೈಯಲ್ಲಿರಬೇಕು. ಬಲಗಾಲು ಮುಂದಿಡುವಾಗ ಎಡಗೈಯ ಕೋಲು ಭಾರ ಹೊತ್ತರೆ ಬಲಗಡೆಯ ಕೀಲಿನ ಮೇಲಿನ ಒತ್ತಡ ಬಹಳ ಕಡಿಮೆಯಾಗುತ್ತದೆ. ಓದುವವರಲ್ಲಿ ಯಾರಿಗಾದರೂ ಉಪಯೋಗವಾಗಬಹುದೆಂದು ಬರೆದಿದ್ದೇನೆ.

ನನ್ನ ಮಂಚವನ್ನು ಪಡಸಾಲೆಯ ಮೂಡಣ ಮೂಲೆಗೆ ಹಾಕಿದ್ದರು. ಗಾಳಿ ಬೆಳಕು ಇರುವ ಜಾಗ. ಎರಡನೆಯ ರಾತ್ರಿ ನಿದ್ದೆ ಬಾರದೆ ಮೇಲೆ ನೋಡುತ್ತ ಮಲಗಿದ್ದಾಗ ತೊಲೆಯಲ್ಲಿನ ಒಂದು ಕಬ್ಬಿಣದ ಕೊಂಡಿ ಕಣ್ಣಿಗೆ ಬಿತ್ತು. ಆ ಕೊಂಡಿಗೆ ಒಂದು ಕಾಲದಲ್ಲಿ ಹಗ್ಗ ಕಟ್ಟಿತ್ತು. ಆ ಹಗ್ಗ ಹಿಡಿದು ಅಜ್ಜಿ ಮಗ್ಗುಲಾಗುತ್ತಿದ್ದಳು. ಇದೇ ಮೂಲೆ.

1976ರ ಡಿಸೆಂಬರಿನಲ್ಲಿ ಅಜ್ಜಿ ಕೊಟ್ಟಿಗೆಯಲ್ಲಿ ಸಗಣಿ ಬಾಚುವಾಗ ಜಾರಿ ಬಿದ್ದಳು. ನನಗೆ ಆಗ ಎಂಟು ವರ್ಷ. ಅವಳ ಕಾಲು ಹೊರಕ್ಕೆ ತಿರುಗಿಕೊಂಡು ಇನ್ನೊಂದಕ್ಕಿಂತ ಗಿಡ್ಡವಾಗಿ ಕಂಡದ್ದು ಇಂದಿಗೂ ಕಣ್ಣ ಮುಂದಿದೆ. ಮೂಳೆ ಕಟ್ಟುವ ಪಂಡಿತರು ಬಂದರು. ಎಳೆದು, ನೀವಿ, ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು ಮೆತ್ತಿ, ಬಿದಿರಿನ ದಬ್ಬೆ ಇಟ್ಟು ಕಟ್ಟಿದರು. ಎಂಟು ದಿನಕ್ಕೊಮ್ಮೆ ಕಟ್ಟು ಬದಲಾಯಿಸಿದರು. ಕೂಡಲಿಲ್ಲ. ಅಜ್ಜಿ ಆಮೇಲೆ ಏಳಲೇ ಇಲ್ಲ. ಬೆನ್ನು ಹುಣ್ಣಾಯಿತು. ಬೂದಿ ತುಂಬಿದ ಮಡಕೆಯನ್ನು ಒಳಗೆ ಹೊರಗೆ ಹೊತ್ತವಳು ಅವ್ವ. ಶಾಲೆಯಿಂದ ಬಂದೊಡನೆ ಅಜ್ಜಿ ನನ್ನನ್ನು ಕರೆಯುತ್ತಿದ್ದಳು: "ಬಾ ಮಗಾ, ಒಂದ್ಗಳಿಗೆ ಕೂತ್ಕ." ಮೂಲೆಯ ವಾಸನೆಗೆ ಹೆದರಿ ನಾನು ಹಿತ್ತಿಲ ಬಾಗಿಲಿನಿಂದ ಒಳಗೆ ಬರುವುದನ್ನು ಕಲಿತೆ. ಹತ್ತು ತಿಂಗಳ ಮೇಲೆ, 1977ರ ಅಕ್ಟೋಬರಿನಲ್ಲಿ, ಅವಳು ಹೋದಳು. ಆಗಿನಿಂದ ನಮ್ಮ ಮನೆಯಲ್ಲಿ ಒಂದೇ ಮಾತು: "ಏನ್ ಮಾಡಾದು, ಆಗಿನ ಕಾಲದಲ್ಲಿ ಇದಕ್ಕೆ ಔಷಧಿನೇ ಇರಲಿಲ್ಲ." ನಾನೂ ಆ ಮಾತನ್ನು ನಂಬಿ ನೆಮ್ಮದಿಯಾಗಿದ್ದೆ.

ಮೂಳೆ ಕಟ್ಟುವವರನ್ನು ನಾನು ಹೀಗಳೆಯುವುದಿಲ್ಲ. ಮುರಿದ ಮೂಳೆಯ ವಿದ್ಯೆ ನಮ್ಮಲ್ಲಿ ಬಹಳ ಹಳೆಯದು. ಯುದ್ಧದಲ್ಲಿ ಕಾಲು ಕಳೆದುಕೊಂಡ ವಿಶ್ಪಲಾ ಎಂಬವಳಿಗೆ ಅಶ್ವಿನೀದೇವತೆಗಳು ಲೋಹದ ಕಾಲು ಕೊಟ್ಟರೆಂದು ಋಗ್ವೇದದಲ್ಲೇ ಇದೆ. ಸುಶ್ರುತ ಸಂಹಿತೆಯಲ್ಲಿ ಮೂಳೆ ಮುರಿಯುವ ಹನ್ನೆರಡು ಬಗೆ, ಕೀಲು ತಪ್ಪುವ ಆರು ಬಗೆ ಹೇಳಿದೆ. ಅರಳಿ, ಆಲ, ಅತ್ತಿ, ಬಿದಿರು ಮುಂತಾದವನ್ನು ದಬ್ಬೆಗೆ ಬಳಸಬೇಕೆಂದಿದೆ. ಕಾಲು ಮುರಿದವರನ್ನು ಹಲಗೆಯ ಮೇಲೆ ಮಲಗಿಸಿ, ಗೂಟಗಳಿಗೆ ಕಟ್ಟಿ, ಕದಲದಂತೆ ಇಡುವ 'ಕಪಾಟಶಯನ'ದ ವಿವರವಿದೆ. ಇಂದಿಗೂ ನಮ್ಮವರು ಆಂಧ್ರದ ಪುತ್ತೂರಿಗೆ ಕಟ್ಟು ಹಾಕಿಸಿಕೊಳ್ಳಲು ಬಸ್ಸು ಹತ್ತುತ್ತಾರೆ. ಮುಂಗೈ ಮುರಿದ ಹುಡುಗರಿಗೆ ಕೂಡಿದ್ದನ್ನು ನಾನೇ ಕಂಡಿದ್ದೇನೆ. ಆದರೆ ತೊಡೆಮೂಳೆಯ ಕುತ್ತಿಗೆ ಬೇರೆ ಜಾತಿ. ಅದು ಮುರಿದರೆ ಗುಂಡಿಗೆ ಹೋಗುವ ರಕ್ತವೇ ಕಡಿಯುತ್ತದೆ. ರಕ್ತವಿಲ್ಲದ ಮೂಳೆ ಎಷ್ಟು ಕಟ್ಟಿದರೂ ಕೂಡುವುದು ದುರ್ಲಭ. ಮುದುಕರು ತಿಂಗಳುಗಟ್ಟಲೆ ಮಲಗಿದರೆ ಹುಣ್ಣು, ಕಫ, ರಕ್ತದ ಹೆಪ್ಪು ಒಂದಾದ ಮೇಲೊಂದು ಬರುತ್ತವೆ. ಅಜ್ಜಿಯನ್ನು ಕೊಂದದ್ದು ಮುರಿದ ಮೂಳೆಗಿಂತ ಹೆಚ್ಚಾಗಿ ಆ ಮಂಚ.

ಬೇಸರ ಕಳೆಯಲೆಂದು ಮಗಳು ಈ ಕೀಲಿನ ಚರಿತ್ರೆಯ ಬಗ್ಗೆ ಒಂದಷ್ಟು ತಂದುಕೊಟ್ಟಳು. ಇಸವಿ ಕಂಡರೆ ಗೆರೆ ಎಳೆಯುವುದು ನನ್ನ ಚಾಳಿ. ಪೆನ್ಸಿಲ್ ಹಿಡಿದು ಓದಿದೆ.

1890ರ ಸುಮಾರಿಗೆ ಬರ್ಲಿನ್ನಿನ ಥೆಮಿಸ್ಟೋಕ್ಲಿಸ್ ಗ್ಲಕ್ ಎಂಬ ವೈದ್ಯರು ಕ್ಷಯ ತಿಂದ ಕೀಲುಗಳಿಗೆ ಆನೆಯ ದಂತದ ಕೀಲು ಮಾಡಿ ಕೂರಿಸಿದರು. ಸೋಂಕು ಉಳಿದು ಸೋತರು. 1923ರಲ್ಲಿ ಬೋಸ್ಟನ್ನಿನ ಸ್ಮಿತ್-ಪೀಟರ್ಸನ್ ಒಬ್ಬ ರೋಗಿಯ ಬೆನ್ನಿನಿಂದ ಹಳೆಯ ಗಾಜಿನ ಚೂರೊಂದನ್ನು ತೆಗೆದರು. ಅದರ ಸುತ್ತ ನುಣುಪಾದ ಪೊರೆ ಬೆಳೆದಿತ್ತು. ಅದನ್ನು ನೋಡಿ ಗುಂಡಿಗೆ ಗಾಜಿನ ಟೋಪಿ ತೊಡಿಸಿದರು. ಗಾಜು ಒಡೆಯಿತು. 1938ರಲ್ಲಿ, ಹಲ್ಲಿನ ವೈದ್ಯರು ಬಳಸುತ್ತಿದ್ದ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದಿಂದ ಅದೇ ಟೋಪಿ ಮಾಡಿದರು. 1940ರಲ್ಲಿ ಅಮೆರಿಕದ ಆಸ್ಟಿನ್ ಮೂರ್ ಮತ್ತು ಬೋಲ್ಮನ್ ಗುಂಡನ್ನೇ ತೆಗೆದು ಲೋಹದ ಗುಂಡು ಹಾಕಿದರು. 1946ರಲ್ಲಿ ಪ್ಯಾರಿಸ್ಸಿನ ಜುಡೆ ಸಹೋದರರು ಅಕ್ರಿಲಿಕ್ ಗುಂಡು ಹಾಕಿದರು.

ಈ ಅಕ್ರಿಲಿಕ್ ಗುಂಡು ಹಾಕಿಸಿಕೊಂಡಿದ್ದ ಒಬ್ಬಾತ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಎಂಬ ವೈದ್ಯರ ಬಳಿಗೆ ಬಂದ. ಅವನ ಕೀಲು ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರ್ ಎನ್ನುತ್ತಿತ್ತು. ಊಟದ ಮೇಜಿನಲ್ಲಿ ಅವನು ಮುಂದಕ್ಕೆ ಬಾಗಿದರೆ ಹೆಂಡತಿ ತಡೆಯಲಾರದೆ ಎದ್ದು ಹೋಗುತ್ತಿದ್ದಳಂತೆ. ನಾವೆಲ್ಲ ನಕ್ಕು ಬಿಡುವ ವಿಷಯ. ಚಾರ್ನ್ಲಿ ನಗಲಿಲ್ಲ. ಸದ್ದು ಎಂದರೆ ತಿಕ್ಕಾಟ, ತಿಕ್ಕಾಟ ಎಂದರೆ ಸವೆತ, ಸಡಿಲು ಎಂದು ಯೋಚಿಸಿದರು. ಗುಂಡನ್ನು 22 ಮಿಲಿಮೀಟರಿಗೆ ಚಿಕ್ಕದು ಮಾಡಿದರು. ಒರಳಿಗೆ ಟೆಫ್ಲಾನ್ ಹಾಕಿದರು. ಎರಡನ್ನೂ ಹಲ್ಲಿನ ವೈದ್ಯರ ಅಕ್ರಿಲಿಕ್ ಗಾರೆಯಿಂದ ಮೂಳೆಗೆ ಕೂರಿಸಿದರು. ಸುಮಾರು 300 ಜನರಿಗೆ ಹಾಗೆ ಮಾಡಿದ ಮೇಲೆ ಟೆಫ್ಲಾನ್ ಸವೆದು, ಅದರ ಪುಡಿ ಸುತ್ತಲ ಮಾಂಸವನ್ನು ಕೆಡಿಸುವುದು ತಿಳಿಯಿತು. ಅದನ್ನು ಪರೀಕ್ಷಿಸಲು ತಮ್ಮ ತೊಡೆಯೊಳಕ್ಕೇ ಆ ಪುಡಿ ಸೇರಿಸಿಕೊಂಡರು. ಊದಿಕೊಂಡಿತು. ತಾವು ಹಾಕಿದ ಕೀಲುಗಳನ್ನು ತಾವೇ ಮತ್ತೆ ತೆರೆದು ತೆಗೆದರು.

1962ರ ಮೇ ತಿಂಗಳಲ್ಲಿ ಒಬ್ಬ ವ್ಯಾಪಾರಿ ಬಟ್ಟೆ ಮಗ್ಗಗಳ ಹಲ್ಲುಚಕ್ರಕ್ಕೆ ಬಳಸುವ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ತುಂಡು ತಂದ. ಚಾರ್ನ್ಲಿ ಉಗುರಿನಿಂದ ಗೀರಿ ನೋಡಿ ಬೇಡವೆಂದರು. ಅವರ ಕೈಕೆಳಗಿನ ಕುಶಲಕರ್ಮಿ ಹ್ಯಾರಿ ಕ್ರೇವನ್ ಎಂಬಾತ ಸುಮ್ಮನಿರದೆ ಅದನ್ನು ಸವೆತ ಅಳೆಯುವ ಯಂತ್ರಕ್ಕೆ ಹಾಕಿಟ್ಟ. ವಾರಗಟ್ಟಲೆ ಉಜ್ಜಿದರೂ ಅದು ಸವೆಯಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ, ಲ್ಯಾಂಕಾಶೈರಿನ ರೈಟಿಂಗ್ಟನ್ ಎಂಬಲ್ಲಿ, ಹಿಂದೆ ಕ್ಷಯರೋಗಿಗಳಿಗಾಗಿ ಕಟ್ಟಿದ್ದ ಆಸ್ಪತ್ರೆಯಲ್ಲಿ, ಆ ಹೊಸ ಕೀಲು ಮನುಷ್ಯರ ಮೈಗೆ ಸೇರಿತು. ಆದರೂ ಚಾರ್ನ್ಲಿ ಅವಸರ ಪಡಲಿಲ್ಲ. ಕೆಲವು ವರ್ಷ ಫಲಿತಾಂಶ ನೋಡಿದ ಮೇಲೆ ಇತರರಿಗೆ ಕಲಿಸಿದರು. ನೀವು ತೀರಿಕೊಂಡ ಮೇಲೆ ಕೀಲನ್ನು ಪರೀಕ್ಷೆಗೆ ಹಿಂದಿರುಗಿಸಿ ಎಂದು ರೋಗಿಗಳನ್ನು ಕೇಳಿಕೊಂಡರು. ಬಹಳ ಜನ ಒಪ್ಪಿದರು. 2007ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಈ ಚಿಕಿತ್ಸೆಯನ್ನು ಶತಮಾನದ ಶಸ್ತ್ರಚಿಕಿತ್ಸೆ ಎಂದು ಕರೆಯಿತು.

ಎಲ್ಲವೂ ಸುಖಾಂತವಲ್ಲ. ಲೋಹಕ್ಕೆ ಲೋಹ ಉಜ್ಜುವ ಎಎಸ್ಆರ್ ಎಂಬ ಕೀಲನ್ನು ಜಾನ್ಸನ್ ಅಂಡ್ ಜಾನ್ಸನ್ ಕಂಪನಿ 2010ರಲ್ಲಿ ಜಗತ್ತಿನಾದ್ಯಂತ ಹಿಂತೆಗೆದುಕೊಳ್ಳಬೇಕಾಯಿತು. ಅದನ್ನು ಹಾಕಿಸಿಕೊಂಡವರು ನಮ್ಮ ದೇಶದಲ್ಲೇ ಸುಮಾರು 4,700 ಮಂದಿ. ಅವರ ಪರಿಹಾರದ ಜಗಳ ವರ್ಷಗಟ್ಟಲೆ ನಡೆಯಿತು. ಚಾರ್ನ್ಲಿಯ ತಾಳ್ಮೆಯ ಬೆಲೆ ಇಂಥಲ್ಲಿ ಗೊತ್ತಾಗುತ್ತದೆ.

ಓದಿ ಮುಗಿಸಿ, ಗೆರೆ ಎಳೆದ ಇಸವಿಗಳನ್ನು ಹಾಳೆಯ ಬೆನ್ನಿನ ಮೇಲೆ ಸಾಲಾಗಿ ಬರೆದೆ. ಕೊನೆಗೆ, ಮಕ್ಕಳಿಗೆ ಕಾಲರೇಖೆ ಬರೆಸುವ ಅಭ್ಯಾಸದಿಂದ, ಅಜ್ಜಿ ಬಿದ್ದ ಇಸವಿಯನ್ನೂ ಸೇರಿಸಿದೆ. 1940, ಲೋಹದ ಗುಂಡು. 1962, ಪೂರ್ಣ ಕೀಲು. 1976, ಅಜ್ಜಿ. ಪೆನ್ಸಿಲ್ ಅಲ್ಲೇ ನಿಂತಿತು. ಮುಂಬೈಯ ಕೆ.ಟಿ. ಧೋಲಕಿಯಾ ಅಂಥವರು ಎಪ್ಪತ್ತರ ದಶಕದಲ್ಲೇ ನಮ್ಮಲ್ಲಿ ಪೂರ್ಣ ಕೀಲು ಹಾಕತೊಡಗಿದ್ದರು. ಅದು ನಮ್ಮಂಥವರಿಗೆ ದೂರದ ಮಾತು, ಒಪ್ಪಿದೆ. ಆದರೆ ಕುತ್ತಿಗೆ ಮುರಿದವರಿಗೆ ಹಾಕುವ ಆಸ್ಟಿನ್ ಮೂರ್ ಗುಂಡು ಆಗಲೇ ದೇಶದ ದೊಡ್ಡ ಆಸ್ಪತ್ರೆಗಳಲ್ಲಿ ರೂಢಿಯಲ್ಲಿತ್ತು. ಮೈಸೂರಿನಲ್ಲಿ ಕೃಷ್ಣರಾಜೇಂದ್ರ ಆಸ್ಪತ್ರೆ ಇತ್ತು. ಅದರ ಜೊತೆಗಿನ ಮೆಡಿಕಲ್ ಕಾಲೇಜು 1924ರಷ್ಟು ಹಳೆಯದು. ನಮ್ಮ ಹೊಳೆನರಸೀಪುರದಿಂದ ಮೈಸೂರಿಗೆ ಮೀಟರ್ ಗೇಜಿನ ರೈಲೇ ಇತ್ತು. ಔಷಧಿ ಇರಲಿಲ್ಲ ಎಂಬ ಮಾತು ಸುಳ್ಳಾಗಿತ್ತು.

ಆ ದಿನ ಮಧ್ಯಾಹ್ನ ಅವ್ವ ಮೊರದಲ್ಲಿ ರಾಗಿ ಇಟ್ಟುಕೊಂಡು ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಿದ್ದಳು. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಕೇಳಬೇಕೋ ಬೇಡವೋ ಎಂದುಕೊಂಡೇ ಕೇಳಿದೆ: "ಅವ್ವ, ಅಜ್ಜೀನ ಮೈಸೂರಿಗೆ ಕರ್ಕೊಂಡೋಗಿ ಅಂತ ಆಗ ಯಾರೂ ಹೇಳಲಿಲ್ವಾ?"

ಅವ್ವ ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ. "ಹೇಳಿದ್ರು ಕಣೇ. ಹೊಳೇನರಸೀಪುರದ ಡಾಕ್ಟರು ಹೇಳಿದ್ರು. ಒಕ್ಕಣೆ ಮುಗೀಲಿ ಅಂದ್ರು ನಿಮ್ಮಪ್ಪ. ಒಕ್ಕಣೆ ಮುಗೀತು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ." ಸ್ವಲ್ಪ ಹೊತ್ತಾದ ಮೇಲೆ ಹೇಳಿದಳು: "ನಾನೂ ಎತ್ತಲಿಲ್ಲ."

ನನ್ನ ಅಪ್ಪ ಕೆಟ್ಟವನಲ್ಲ. ಅಜ್ಜಿ ಕರೆದರೆ ರಾತ್ರಿ ಎದ್ದು ಬರುತ್ತಿದ್ದ. ಆ ವರ್ಷ ಒಂದು ಎತ್ತು ಕುಂಟಿದಾಗ ಮಾತ್ರ ಮರುದಿನವೇ ಗಾಡಿ ಕಟ್ಟಿಸಿ ದನದ ಆಸ್ಪತ್ರೆಗೆ ಹೋಗಿದ್ದನ್ನು ನಾನು ಕಂಡಿದ್ದೆ. ಎತ್ತು ಎದ್ದರೆ ಉಳುಮೆ ಉಂಟು. ಅರವತ್ತು ದಾಟಿದ ಹೆಂಗಸು ಎದ್ದರೆ ಏನು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆಗ ಮೂವತ್ತು ವರ್ಷದ ಸೊಸೆಯಾಗಿದ್ದ ಅವ್ವನ ಮಾತಿಗೆ ಮನೆಯಲ್ಲಿ ಎಷ್ಟು ಬೆಲೆಯಿತ್ತು ಎಂಬುದೂ ನನಗೆ ಗೊತ್ತು. ಹಿತ್ತಿಲ ಬಾಗಿಲಿನಿಂದ ಬರುತ್ತಿದ್ದ ನನಗೆ ಅವರಿಬ್ಬರನ್ನೂ ತೂಗುವ ಹಕ್ಕಿಲ್ಲ. ನಮ್ಮ ಜಿಲ್ಲೆಯ ಊರೂರಿನಲ್ಲೂ ವೀರಗಲ್ಲುಗಳಿವೆ. ತುರು ಕಾಯಲು ಹೋರಾಡಿ ಬಿದ್ದವರ ಹೆಸರು ಕಲ್ಲಿನ ಮೇಲಿದೆ. ಆ ತುರುಗಳ ಕೊಟ್ಟಿಗೆಯಲ್ಲಿ ಬಿದ್ದವರ ಲೆಕ್ಕ ಎಲ್ಲೂ ಇಲ್ಲ. ಔಷಧಿ ಹುಟ್ಟಿದ ಇಸವಿ ಪುಸ್ತಕದಲ್ಲಿರುತ್ತದೆ. ಅದು ಪಡಸಾಲೆಯ ಮೂಲೆಯ ಮಂಚದವರೆಗೆ ಬಂದ ಇಸವಿಯನ್ನು ಯಾರೂ ಬರೆಯುವುದಿಲ್ಲ.

ಇಂಗ್ಲೆಂಡಿನ ರಾಜಮಾತೆಗೆ 1995ರಲ್ಲಿ, 95ನೆಯ ವಯಸ್ಸಿನಲ್ಲಿ, ಸೊಂಟದ ಕೀಲು ಹಾಕಿದರು. ಆಮೇಲೂ ಆಕೆ ಆರು ವರ್ಷಕ್ಕೂ ಮಿಗಿಲಾಗಿ ಬಾಳಿದರು. 2000 ಮತ್ತು 2001ರಲ್ಲಿ ಪ್ರಧಾನಿ ವಾಜಪೇಯಿಯವರ ಮಂಡಿಗಳನ್ನು ಮುಂಬೈಯಲ್ಲಿ ಬದಲಾಯಿಸಿದಾಗ ನಮ್ಮ ಊರಿನ ಅರಳಿಕಟ್ಟೆಯಲ್ಲೂ ಕೀಲಿನ ಮಾತು ಬಂತು. 2006ರಲ್ಲಿ ಹಾಸನದಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜು ಆಯಿತು. 2008ರಿಂದ 108ಕ್ಕೆ ಕರೆದರೆ ಆಂಬುಲೆನ್ಸ್ ಬರುತ್ತದೆ. ದಾರಿ ಹತ್ತಿರವಾಗುತ್ತ ಬಂದಿದೆ. ಕೊನೆಯ ನಾಲ್ಕು ಹೆಜ್ಜೆ ಮಾತ್ರ ಮನೆಯೊಳಗಿನದು.

ಆರು ವಾರಕ್ಕೆ ವಾಕರ್ ಬಿಟ್ಟು ಕೋಲು ಹಿಡಿದೆ. ಜೂನಿನಲ್ಲಿ ಶಾಲೆಗೆ ಹೋದೆ. ಮಕ್ಕಳ ಜೊತೆ ನೆಲದ ಮೇಲೆ ಬಿಸಿಯೂಟ ಮಾಡುವ ಭಾಗ್ಯ ಹೋಯಿತು, ನಿಂತು ಪಾಠ ಮಾಡುವ ಭಾಗ್ಯ ಮರಳಿತು. ಮಕ್ಕಳನ್ನು ಶ್ರವಣಬೆಳಗೊಳಕ್ಕೆ ಕರೆದೊಯ್ದಾಗ ವಿಂಧ್ಯಗಿರಿಯ ಕೆಳಗೇ ಉಳಿದೆ. ಅಷ್ಟು ಮೆಟ್ಟಿಲಿಗೆ ಇನ್ನೂ ಧೈರ್ಯ ಸಾಲದು.

ಅದೇ ಆಗಸ್ಟಿನಲ್ಲಿ ಏಳನೆಯ ತರಗತಿಯ ಒಬ್ಬ ಹುಡುಗಿ ಮೂರು ದಿನ ಶಾಲೆಗೆ ಬರಲಿಲ್ಲ. ಅಜ್ಜಿ ಬಚ್ಚಲಲ್ಲಿ ಬಿದ್ದಿದ್ದಾಳೆ, ನೋಡಿಕೊಳ್ಳುವವರಿಲ್ಲ ಎಂದು ಗೆಳತಿಯರು ಹೇಳಿದರು. ಸಂಜೆ ಕೋಲು ಊರಿಕೊಂಡು ಅವರ ಮನೆಗೆ ಹೋದೆ. ಮುದುಕಿಯ ಕಾಲು ಹೊರಕ್ಕೆ ತಿರುಗಿತ್ತು, ಗಿಡ್ಡವಾಗಿತ್ತು. ನನಗೆ ಎಕ್ಸರೇ ಬೇಕಾಗಿರಲಿಲ್ಲ. ಹುಡುಗಿಯ ಅಪ್ಪ ಕೈಕಟ್ಟಿ ನಿಂತು ಹೇಳಿದ: "ಹಾಸನಕ್ಕೆ ಕರ್ಕೊಂಡೋಗ್ಬೇಕು ಮೇಡಂ. ನಾಟಿ ಮುಗೀಲಿ ಅಂತ ಇದೀನಿ."

ಮಕ್ಕಳ ತಂದೆತಾಯಿಯರ ಮೇಲೆ ನಾನು ದನಿ ಎತ್ತಿದವಳಲ್ಲ. ಅಂದು ಎತ್ತಿದೆ. ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ಸೀರೆಯ ನೆರಿಗೆಯ ಮೇಲಿಂದ ಸೊಂಟ ತಟ್ಟಿ ತೋರಿಸಿದ್ದು, ನನ್ನ ಫೋನಿನಿಂದಲೇ 108ಕ್ಕೆ ಕರೆ ಮಾಡಿದ್ದು ನೆನಪಿದೆ. ಹಾಸನದಲ್ಲಿ ಆ ಮುದುಕಿಗೆ ಗುಂಡು ಮಾತ್ರ ಬದಲಾಯಿಸುವ ಅರ್ಧ ಕೀಲಿನ ಆಪರೇಷನ್ ಆಯಿತು. ದೀಪಾವಳಿಯ ಹೊತ್ತಿಗೆ ಅವಳು ಕೋಲು ಹಿಡಿದು ಜಗಲಿಗೆ ಬಂದು ಸೊಸೆಯ ಜೊತೆ ಮೊದಲಿನಂತೆ ಜಗಳವಾಡುತ್ತಿದ್ದಳು.

ತವರಿಗೆ ಹೋದಾಗ ಅವ್ವನಿಗೆ ಇದನ್ನೆಲ್ಲ ಹೇಳಿದೆ. ಎಲ್ಲವನ್ನೂ ಕೇಳಿ ಅವಳು ಒಂದೇ ಪ್ರಶ್ನೆ ಹಾಕಿದಳು: "ಆಪರೇಷನ್ ಆಗಿ ಎಷ್ಟು ದಿನಕ್ಕೆ ನಿಲ್ಲಿಸಿದ್ರಂತೆ?"

"ಮೂರನೇ ದಿನಕ್ಕೆ ಅವ್ವ."

"ಮೂರು ದಿನ" ಎಂದಳು. ಪಡಸಾಲೆಯ ಮೂಲೆಯ ಕಡೆ ಒಮ್ಮೆ ನೋಡಿ, ಒಲೆ ಹಚ್ಚಲು ಒಳಗೆ ಹೋದಳು.